ಸುಣ್ಣಕಲ್ಲಿನ ಗುಡ್ಡದ ಮೇಲೆ ಕನ್ನಡ

ಜಪಾನಿನ ಫುಕುವೋಕಾ ಕಡೆಯ ಒಂದು ಸುಣ್ಣಕಲ್ಲಿನ ಗುಡ್ಡದಲ್ಲಿ ಹುಲ್ಲು, ಹೂವು, ಚಿಟ್ಟೆ ಮತ್ತು ನೋಡಲು ಬರುವ ಜನರನ್ನು ಕಾಯುವುದು ನನ್ನ ಕೆಲಸ. "ಅಲ್ಲಿ ನಗೋಕೆ ಏನಿರುತ್ತೆ?" ಅಂತ ಟೋಕಿಯೋದ ಫುನಾಬೊರಿಯಲ್ಲಿರುವ ಗೆಳತಿ ಕೇಳುತ್ತಾಳೆ. ದಿನಕ್ಕೊಂದು ಇರುತ್ತೆ. ಜೊತೆಗೆ ಕೂತು ಕನ್ನಡದಲ್ಲಿ ನಗೋರು ಇರಲ್ಲ, ಅಷ್ಟೆ.

ಕುರಿ

ಹುಲ್ಲಿನ ನಡುವೆ ಎದ್ದಿರುವ ಬಿಳಿ ಬಂಡೆಗಳು ದೂರಕ್ಕೆ ಕುರಿಗಳಂತೆಯೇ ಕಾಣುತ್ತವೆ. ಒಬ್ಬ ಅಜ್ಜಿ ಬಂದು, "ಸುಮಿಮಾಸೆನ್, ಕ್ಷಮಿಸಿ, ಒಂದು ಕುರಿ ಬೆಳಗ್ಗೆಯಿಂದ ಅಲ್ಲಾಡಿಲ್ಲ. ಹುಷಾರಿಲ್ಲವೇನೋ," ಅಂದರು. ಅದು ಕಲ್ಲು ಎಂದೆ. ಅಜ್ಜಿ ನನಗೆ ತಲೆಬಾಗಿದರು. ಆಮೇಲೆ ಕಲ್ಲಿನ ಕಡೆ ತಿರುಗಿ ಅದಕ್ಕೂ ತಲೆಬಾಗಿದರು.

ಬೆಂಕಿ

ಪ್ರತಿ ವಸಂತದ ಮೊದಲಲ್ಲಿ ಗುಡ್ಡದ ಒಣಹುಲ್ಲನ್ನು ನಾವೇ ಸುಡುತ್ತೇವೆ. ಸುಡದಿದ್ದರೆ ಪೊದೆ ಬೆಳೆದು ಹೂಗಳು ಸಾಯುತ್ತವೆ. ಒಂದು ಸಲ ಅದು ಮುಗಿಯುವ ಹೊತ್ತಿಗೆ ಅಮ್ಮನ ವಿಡಿಯೋ ಕಾಲ್ ಬಂತು. ನನ್ನ ಮುಖವೆಲ್ಲ ಮಸಿ, ಹಿಂದೆ ಗುಡ್ಡವೆಲ್ಲ ಹೊಗೆ. ಕಾರಣವನ್ನೆಲ್ಲ ವಿವರಿಸಿದೆ. ಅಮ್ಮ ಸಮಾಧಾನವಾಗಿ ಕೇಳಿಸಿಕೊಂಡು, "ಹುಲ್ಲು ಸುಡೋದಕ್ಕೇ ಆದ್ರೆ ನಮ್ಮ ಹಿತ್ತಲಲ್ಲೂ ಬೇಕಾದಷ್ಟಿದೆ. ಬಂದುಬಿಡು," ಅಂದಳು.

ಹಗ್ಗದಾಚೆ

ದಂಪತಿಗಳಿಬ್ಬರು ಹಗ್ಗ ದಾಟಿ ಹೂಗಳ ನಡುವೆ ಫೋಟೋ ತೆಗೆಯುತ್ತಿದ್ದರು. ಬೈಯಲೆಂದು ಓಡಿದೆ. "ರೀ, ಇವಳು ನಮ್ಮ ಹಾಸನದ ಅತ್ತಿಗೆ ಥರಾನೇ ಇದಾಳೆ. ಮುಖ ಮಾತ್ರ ಸಿಡುಕು," ಅಂದಳು ಆಕೆ ಗಂಡನಿಗೆ, ನನಗೆ ಕನ್ನಡ ತಿಳಿಯದೆಂದುಕೊಂಡು. ಬೈಗುಳ ಮರೆತೇಹೋಯಿತು. "ಅತ್ತಿಗೆ ಚೆನ್ನಾಗಿದಾರಾ?" ಅಂದೆ. ಆಕೆ ನಾಚಿಕೊಂಡು ಪುಳಿಯೋಗರೆ ಡಬ್ಬಿ ತೆರೆದಳು. ಅಲ್ಲೇ ಬಂಡೆಯ ಮೇಲೆ ಕೂತೆವು. ಅಷ್ಟರಲ್ಲಿ ನಮ್ಮ ಮೇಲಧಿಕಾರಿಯ ದನಿ ಧ್ವನಿವರ್ಧಕದಲ್ಲಿ ಕೇಳಿತು: "ಹಗ್ಗದಾಚೆ ಊಟ ಮಾಡುತ್ತಿರುವ ಮೂವರು ಪ್ರವಾಸಿಗರು ದಯವಿಟ್ಟು ಈಚೆ ಬರಬೇಕು." ಮೂರನೆಯವಳು ನಾನು.

ಮೇಕೆ

ಪೊದೆ ಮೇಯಲು ಮೇಕೆಗಳನ್ನು ತಂದರು. ಸಂಜೆ ದೊಡ್ಡಿಗೆ ಕರೆಯುವುದು ನನ್ನ ಪಾಲಿಗೆ ಬಂತು. ಅವುಗಳ ಹತ್ತಿರ ಜಪಾನೀ ವ್ಯಾಕರಣದ ಹಂಗಿಲ್ಲವಲ್ಲ, ಅಮ್ಮ ನನ್ನನ್ನು ಕರೆಯುತ್ತಿದ್ದ ಹಾಗೇ ಕರೆಯುತ್ತಿದ್ದೆ: "ಬಾರೇ ಚಿನ್ನಿ, ಉಣ್ಣು ಬಾ."

ತಂಗಿಯ ಮದುವೆಗೆಂದು ಮೈಸೂರಿಗೆ ಹೋದಾಗ ಮೇಲಧಿಕಾರಿಯ ಫೋನ್ ಬಂತು. "ಸುಮಿಮಾಸೆನ್, ಯಾರು ಕರೆದರೂ ಇವು ಬರುತ್ತಿಲ್ಲ. ನೀವು ಏನು ಹೇಳುತ್ತೀರಿ?" ಛತ್ರದ ಮೂಲೆಯಲ್ಲಿ ನಿಂತು ಹೇಳಿಕೊಟ್ಟೆ. ಆ ಗಂಭೀರ ಮನುಷ್ಯ ನಾಲಿಗೆ ಹೊರಳುವವರೆಗೂ ಕಲಿತರು.

ವಾಪಸ್ಸು ಬಂದ ಮೊದಲ ದಿನ ಮನೆಯ ನೆನಪಲ್ಲಿ ಯಾವ ಕೆಲಸವೂ ಸಾಗಲಿಲ್ಲ. ಮಧ್ಯಾಹ್ನ ಮೇಲಧಿಕಾರಿ ನನ್ನ ಮೇಜಿನ ಮುಂದೆ ಬಂದು ನಿಂತು, ವಿನಯದಿಂದ ತಲೆಬಾಗಿ, "ಬಾರೇ ಚಿನ್ನಿ, ಉಣ್ಣು ಬಾ," ಅಂದರು. ಊಟಕ್ಕೆ ಕರೆಯುವ ಗೌರವದ ಮಾತು ಅದೇ ಅಂದುಕೊಂಡಿದ್ದರು.

ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ತಿದ್ದಲು ಮನಸ್ಸಾಗಲಿಲ್ಲ. ಕಣ್ಣೊರೆಸಿಕೊಂಡು, ಮೇಕೆಯ ಹಾಗೇ ಅವರ ಹಿಂದೆ ಹೋದೆ.