ಒಂದೇ ಬಟ್ಟಲಿನ ಮಿತಾಹಾರಿ

ನಮ್ಮ ಚಿಕ್ಕಪ್ಪ ಮೂರು ಸಲ ಗಯೆಗೆ ಹೋಗಿ ಬಂದವರು. ಅದರಲ್ಲಿ ಎರಡು ಸಲ ಪಿತೃಗಳಿಗೇ ಟೋಪಿ ಹಾಕಿ ಬಂದವರು! ಹೀಗೆ ಹೇಳುತ್ತಿರುವ ನಾನು ಹೊರಗಿನವಳೇನಲ್ಲ, ಅಣ್ಣಾ ನಗರದ ಅವರ ಮನೆಯಲ್ಲೇ ಇದ್ದುಕೊಂಡು ಗಿಂಡಿಯ ಆಫೀಸಿಗೆ ಹೋಗಿಬಂದು ಮಾಡುತ್ತಿದ್ದ ಅವರ ಅಣ್ಣನ ಮಗಳು.

ಗಯೆಯಲ್ಲಿ ಪಿಂಡ ಹಾಕಿದ ಮೇಲೆ, ಹೋದವರ ನೆನಪಿಗೆ ನಮಗೆ ಇಷ್ಟವಾದದ್ದೊಂದನ್ನು ಜನ್ಮಪೂರ್ತಿ ಬಿಡಬೇಕು, ಅದು ಪದ್ಧತಿ. ತಂದೆ ಹೋದಾಗ ಚಿಕ್ಕಪ್ಪ ಬಿಟ್ಟದ್ದು ಹಾಗಲಕಾಯಿ. ತಾಯಿ ಹೋದಾಗ ಪಡವಲಕಾಯಿ. ಎರಡನ್ನೂ ಅವರು ಹುಟ್ಟಿದಾಗಿನಿಂದ ನಾಲಿಗೆಗೆ ಸೋಕಿಸಿದವರೇ ಅಲ್ಲ!

"ನಾಳೆ ನಾನು ಹೋದ್ರೆ ಏನು ಬಿಡ್ತೀರಿ?" ಎಂದು ಚಿಕ್ಕಮ್ಮ ಒಂದು ದಿನ ಕೇಳಿದರು.

"ಸೋರೆಕಾಯಿ ಇನ್ನೂ ಬಾಕಿ ಇದೆಯಲ್ಲೇ!"

ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಇದನ್ನು ಬರೆಯಲು ಕೂತು ಎರಡು ಸಲ ಎದ್ದು ಹೋಗಿದ್ದೇನೆ, ಸುಳ್ಳೇಕೆ ಹೇಳಲಿ.

ಇಂಥ ಚಿಕ್ಕಪ್ಪ ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದ ವರ್ಷವೇ ನಮ್ಮ ಬೀದಿಯ ತುದಿಯಲ್ಲಿ ಹೊಸ ನೂಡಲ್ಸ್ ಹೋಟೆಲು ಶುರುವಾಯಿತು. ಒಂದು ಗೋಡೆಯ ಮೇಲೆ ಚೀನಾದ ಡ್ರ್ಯಾಗನ್, ಇನ್ನೊಂದರ ಮೇಲೆ ಜಪಾನಿನ ಅಲೆ. ಊಟ ಚೀನಾದ್ದು, ಬಟ್ಟಲು, ತಿನ್ನುವ ಜೋಡಿ ಕಡ್ಡಿ, ಹಸಿರು ಚಹಾ ಎಲ್ಲ ಜಪಾನಿನದು. "ಇದೇನ್ರೀ ಇದು, ಯಾವ ಊರಿಂದು ಅಂತಲೇ ತಿಳಿಯಲ್ಲ" ಅಂದರು ಚಿಕ್ಕಮ್ಮ. "ನಮ್ಮ ಮನೆ ಹಾಗೇ ಕಣೆ. ಮಾತಾಡೋದು ಕನ್ನಡ, ಬೈಯೋದು ತಮಿಳು" ಎಂದು ಚಿಕ್ಕಪ್ಪ ಒಳಗೆ ನುಗ್ಗಿಯೇಬಿಟ್ಟರು.

ಆಚಾರವಂತ ವೈಷ್ಣವರು ನೂಡಲ್ಸ್ ಹೋಟೆಲಿನಲ್ಲಿ ಏನು ತಿಂದಾರು? ಬಡಿಸಲು ಬಂದ ಸೆಲ್ವಂ ಎಂಬ ನಡುವಯಸ್ಸಿನವರಿಗೆ ಚಿಕ್ಕಪ್ಪ ಪಟ್ಟಿ ಒಪ್ಪಿಸಿದರು: ಮೊಟ್ಟೆ ಬೇಡ, ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಅಣಬೆಯಂತೂ ಬೇಡವೇ ಬೇಡ. "ಅಪ್ಪುರಂ ಅದಿಲೆ ಎನ್ನ ಸಾರ್ ಇರುಕ್ಕುಂ?" ಮತ್ತೆ ಅದರಲ್ಲಿ ಇರುವುದಾದರೂ ಏನು ಎಂಬುದು ಪಾಪ, ಅವರ ಸಂಕಟ.

"ನೂಡಲ್ಸ್ ಇರುಕ್ಕುಂ ಪಾ!"

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಅಲ್ಲೇ ಊಟ. ಬಟ್ಟಲಿನ ಸುತ್ತ ನೀರು ಕಟ್ಟಿ ಪರಿಷೇಚನೆ ಮಾಡಿದರೆ ಅಡಿಯಲ್ಲಿದ್ದ ಕಾಗದ ತೊಯ್ದು ತೊಪ್ಪೆಯಾಗುತ್ತಿತ್ತು. ಜಪಾನಿನಲ್ಲಿ ಸದ್ದು ಮಾಡಿಕೊಂಡು ತಿಂದರೆ ಅಡುಗೆಯವರಿಗೆ ಮರ್ಯಾದೆ ಕೊಟ್ಟಂತೆ ಎಂದು ಯಾವ ಪುಣ್ಯಾತ್ಮ ಹೇಳಿದನೋ! ಮೂವತ್ತೈದು ವರ್ಷ ಸಾರು ಹೀರುವ ಸದ್ದಿಗೆ ಹೆಂಡತಿಯಿಂದ ಬೈಸಿಕೊಂಡಿದ್ದ ಮನುಷ್ಯ, "ನೋಡಿದ್ಯಾ? ನಾನು ಹುಟ್ಟಬೇಕಾಗಿದ್ದು ಜಪಾನಲ್ಲಿ!" ಎಂದು ಸೊರ್ರ್ ಎಂದು ಎಳೆದರೆ ಪಕ್ಕದ ಮೇಜಿನ ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದವು.

ಕಡ್ಡಿ ಮಾತ್ರ ಅವರ ಮಾತು ಕೇಳಲಿಲ್ಲ. ಮನೆಯಲ್ಲಿ ಎರಡು ಪೆನ್ಸಿಲು ಹಿಡಿದು ಕಡಲೆಬೀಜ ಎತ್ತುವ ಅಭ್ಯಾಸ ಮಾಡಿದರು. ಬೀಜವೆಲ್ಲ ಸೋಫಾದ ಕೆಳಗೆ! ಚಿಕ್ಕಮ್ಮನಿಗೋ ಮೊದಲ ದಿನವೇ ಕೈಗೆ ಕೂತಿತು. ಕುದಿಯುವ ಎಣ್ಣೆಯಿಂದ ಎರಡು ಕಡ್ಡಿಯಲ್ಲಿ ಹಪ್ಪಳ ಎತ್ತುತ್ತಾ ಬಂದ ಕೈ ಅದು.

ಇನ್ನು ಚಿಕ್ಕಪ್ಪನ ದೊಡ್ಡ ಜಂಬ ಇದ್ದದ್ದು ಮಿತಾಹಾರದಲ್ಲಿ. "ಇನ್ನೊಂದು ಹೇಳಲಾ?" ಎಂದು ನಾನು ಕೇಳಿದರೆ, "ಛೆ, ನನಗೆ ಒಂದೇ ಬಟ್ಟಲು ಸಾಕು. ನಾನೇನು ಬಕಾಸುರನೇ?" ಗಾಜಿನ ಆಚೆ ಅಡುಗೆಯವನು ಹಿಟ್ಟನ್ನು ಎಳೆದು ಮಡಿಸಿ ಎಳೆ ತೆಗೆಯುವುದನ್ನು ಅವರು ಬಾಯಿ ಬಿಟ್ಟುಕೊಂಡು ನೋಡುತ್ತಾ, "ನಾಲ್ಕು, ಎಂಟು, ಹದಿನಾರು" ಎಂದು ಎಣಿಸುತ್ತಿರುವಾಗ, ಚಿಕ್ಕಮ್ಮ ತಮ್ಮ ಬಟ್ಟಲಿನ ನೂಡಲ್ಸನ್ನು ಒಂದೇ ಏಟಿಗೆ ಎತ್ತಿ ಅವರ ಬಟ್ಟಲಿಗೆ ಹಾಕಿಬಿಡುತ್ತಿದ್ದರು. ಮತ್ತೆ ಎಂಟು ಎಳೆ ಹದಿನಾರಾಗುವಾಗ ಇನ್ನೊಂದು ಸಲ. ಒಂದು ದಿನ ನಾನು ನೋಡಿದ್ದು ಕಂಡು ಕಣ್ಣು ಮಿಟುಕಿಸಿದರು.

"ನಿಮಗೆ ಸೇರಲ್ವಾ ಚಿಕ್ಕಮ್ಮ?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಸೇರತ್ತೆ ಕಣೆ, ಚೆನ್ನಾಗೇ ಇದೆ. ಅವರಿಗೆ ಎರಡನೇದು ಕೇಳೋಕೆ ನಾಚಿಕೆ. ತಿನ್ಲಿ ಬಿಡು, ನಂಗೆ ಮೊಸರನ್ನ ಇದೆಯಲ್ಲ." ಅಡುಗೆಮನೆಯಲ್ಲಿ ನಿಂತುಕೊಂಡೇ ಕಲಸಿ ಉಂಡರು.

ಆರು ವರ್ಷ ಹೀಗೇ ನಡೆಯಿತು. ಏಳನೆಯ ವರ್ಷ ಒಂದು ಬೆಳಗ್ಗೆ ರಂಗೋಲಿ ಹಾಕಲು ಬಗ್ಗಿದ ಚಿಕ್ಕಮ್ಮ ಮತ್ತೆ ಏಳಲಿಲ್ಲ.

ಹದಿಮೂರು ದಿನ ಕಳೆದು ವಾರವಾಗಿತ್ತು. ಚಿಕ್ಕಪ್ಪ ಒಬ್ಬರೇ ರೈಲು ಹತ್ತಿ ಗಯೆಗೆ ಹೋದರು. ತಿರುಗಿ ಬಂದ ಮೇಲೆ, ಏನು ಬಿಟ್ಟಿರಿ ಎಂದರೆ ಪೇಪರು ಬಿಡಿಸಿ ಹಿಡಿದುಕೊಳ್ಳುತ್ತಿದ್ದರು. "ಸೋರೆಕಾಯಿಯೇ ಇರಬೇಕು" ಎಂದು ನೆಂಟರೆಲ್ಲ ಫೋನಿನಲ್ಲಿ ನಕ್ಕರು. ಪರೀಕ್ಷೆಗೆಂದು ನಾನು ಸೋರೆಕಾಯಿ ಕೂಟು ಮಾಡಿ ಬಡಿಸಿದೆ. ಸುಮ್ಮನೆ ಕಲಸಿಕೊಂಡು ನಾಲ್ಕು ತುತ್ತು ತಿಂದು ಎದ್ದರು. ಅವರು ಸೋರೆಕಾಯಿ ತಿಂದದ್ದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಏನು ಹಾಕಿದರೂ ನಾಲ್ಕೇ ತುತ್ತು. ಅಂಗಿಗಳೆಲ್ಲ ಬೇರೆ ಯಾರದೋ ಎಂಬಂತೆ ಜೋತುಬಿದ್ದವು. ಇವರನ್ನೂ ಕಳೆದುಕೊಂಡುಬಿಡುತ್ತೇನೆ ಅನ್ನಿಸಿತು.

ಕೊನೆಗೆ ಒಂದು ಶನಿವಾರ, "ಎದ್ದೇಳಿ ಚಿಕ್ಕಪ್ಪ, ನೂಡಲ್ಸ್‌ಗೆ ಹೋಗೋಣ" ಎಂದು ಕೈ ಹಿಡಿದು ಎಬ್ಬಿಸಿದೆ. ಬಂದರು! ಅದೇ ಮೇಜು, ಸೆಲ್ವಂಗೆ ಅದೇ ಪಟ್ಟಿ. ಎರಡು ಬಟ್ಟಲು ಬಂದವು. ಅಬ್ಬಾ, ಗೆದ್ದೆ ಅಂದುಕೊಂಡೆ.

ಚಿಕ್ಕಪ್ಪ ತಮ್ಮ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

"ಇದನ್ನೇ ಬಿಟ್ಟಿದ್ದು ಕಣೆ, ಗಯೆಯಲ್ಲಿ. ಪುರೋಹಿತ ತರಕಾರಿ ಹೆಸರು ಹೇಳಿ ಅಂದ. ನೂಡಲ್ಸ್ ಅಂದೆ. ಅದು ಯಾವ ತರಕಾರಿ ಅಂದ. ಅದರಲ್ಲಿ ಕೋಸಿದೆ, ಕ್ಯಾರೆಟ್ ಇದೆ, ಸುಮ್ಮನೆ ಮಂತ್ರ ಹೇಳಯ್ಯಾ ಅಂದೆ."

ನನಗೆ ನಗು ಬಂತು. ಅವರು ನಗಲಿಲ್ಲ.

"ಗಯೆಗೆ ಹೊರಡೋ ಮುಂಚೆ ಇಲ್ಲಿಗೆ ಒಬ್ಬನೇ ಬಂದಿದ್ದೆ, ಅವಳು ಕೂರ್ತಿದ್ದ ಜಾಗ ನೋಡೋಣ ಅಂತ. ಒಂದು ಬಟ್ಟಲು ತಿಂದೆ. ಹಸಿವು ಹಾಗೇ ಇತ್ತು. ಬಟ್ಟಲು ಚಿಕ್ಕದು ಮಾಡಿದ್ದೀರಾ ಅಂತ ಸೆಲ್ವಂ ಹತ್ರ ಜಗಳ ತೆಗೆದೆ. ಅವನು ಅಂದ, ಬಟ್ಟಲು ಅದೇ ಸಾರ್, ಅಮ್ಮ ಅವರದನ್ನೂ ನಿಮಗೇ ಹಾಕ್ತಿದ್ರು ಅಂತ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆರು ವರ್ಷ ಕಣೆ. ಪಕ್ಕದಲ್ಲೇ ಕೂತಿದ್ಲು. ನಾನು ಹಿಟ್ಟಿನ ಎಳೆ ಎಣಿಸ್ತಿದ್ದೆ. ನಿನಗೂ ಗೊತ್ತಿತ್ತಾ?"

ಹೂಂ ಅಂದೆ. ಅವರ ಮುಖ ನೋಡಲು ಆಗಲಿಲ್ಲ.

ಅವರು ಬೈಯಲಿಲ್ಲ. ಕಡ್ಡಿಗಳನ್ನು ತೆಗೆದುಕೊಂಡು ತಮ್ಮ ಬಟ್ಟಲಿನಿಂದ ಎತ್ತಿ ನನ್ನ ಬಟ್ಟಲಿಗೆ ಹಾಕತೊಡಗಿದರು. ಅರ್ಧ ಮೇಜಿನ ಮೇಲೆ ಬಿತ್ತು. ಬಿದ್ದದ್ದನ್ನು ಬೆರಳಲ್ಲಿ ಬಳಿದು, ಮತ್ತೆ ಎತ್ತಿದರು. ಬಟ್ಟಲು ಬರಿದಾಗುವವರೆಗೂ ನಿಲ್ಲಿಸಲಿಲ್ಲ.

"ತಿನ್ನು. ಸದ್ದು ಮಾಡ್ಕೊಂಡು ತಿನ್ನು. ನಾನು ಕೇಳಿಸ್ಕೊಳ್ತೀನಿ."

ಸೊರ್ರ್ ಎಂದು ಎಳೆದೆ. ನಾನು ಬಿಕ್ಕಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.