ಕರುಳಿನ ಬಾಗಿಲು

ಗಜಾನನ ಮಾಸ್ತರನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ಒಂದು ಪ್ರೋಟೀನು. ಬೆಳಗಾವಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಈತ ಕನ್ಯೆ ನೋಡಲು ಹೋದಲ್ಲೆಲ್ಲ, ಕರುಳಿನ ಗೋಡೆಯಲ್ಲಿ ಕೂತು ಸಕ್ಕರೆಯನ್ನು ಒಳಗೆ ಸಾಗಿಸುವ ಆ ಪ್ರೋಟೀನಿನ ಗುಣಗಾನಕ್ಕೆ ಇಳಿಯುತ್ತಿದ್ದ. ಹುಡುಗಿಯರು ಆಕಳಿಸುತ್ತಿದ್ದರು, ಸಂಬಂಧ ಮುರಿಯುತ್ತಿತ್ತು. ಹಿರಿಯರು ಬೇಸತ್ತು, "ಇನ್ನ ನೀನ ಹೋಗಿ ನೋಡ್ಕೊಂಡು ಬಾ" ಎಂದು ಕೈತೊಳೆದುಕೊಂಡಿದ್ದರು.

ಖಾನಾಪುರದ ಪ್ರಮಿಳಾಳನ್ನು ನೋಡಲು ಹೊರಟ ಬೆಳಿಗ್ಗೆ ರಾಮತೀರ್ಥ ನಗರದ ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಮೊಸರು-ಸಕ್ಕರೆ ತಿಂದು ಹೊರಟರೆ ಕೆಲಸ ಕೈಗೂಡುತ್ತದಂತೆ. ಮನೆಗೊಂದು ವಾಟಿ ಮೊಸರು! ಎದುರುಮನೆ ಸಿದ್ದಕ್ಕನ ಮೊಸರಂತೂ ಹುಳಿಯೇರಿ ನೊರೆ ಬಂದಿತ್ತು.

"ಒಲ್ಲೆ ಅನಬಾರ್ದರಿ, ಅಪಶಕುನ. ಮತ್ತ ಅಲ್ಲಿ ಹೋಗಿ ಆ ಪ್ರೋಟೀನ್ ಪುರಾಣ ಬಿಚ್ಚಬ್ಯಾಡ್ರಿ" ಎಂದಳು ಸಿದ್ದಕ್ಕ.

"ಇಲ್ರೀ ಅಕ್ಕಾರ, ತುಟಿ ಪಿಟಕ್ ಅನ್ನಂಗಿಲ್ಲ" ಎಂದು ಮಾಸ್ತರ ಎಲ್ಲ ವಾಟಿಗಳನ್ನೂ ಬರಿದು ಮಾಡಿದ.

ರೈಲು ದೇಸೂರು ದಾಟುವಷ್ಟರಲ್ಲಿ ಹೊಟ್ಟೆ ಬೀಸುಕಲ್ಲಿನಂತೆ ತಿರುಗತೊಡಗಿತು. ಉಳಿದ ದಾರಿಯೆಲ್ಲ ಡಬ್ಬಿಯ ಪಾಯಖಾನೆಯಲ್ಲೇ ಕಳೆಯಿತು. ಖಾನಾಪುರದಲ್ಲಿ ಇಳಿದಾಗ ಮಾಸ್ತರ ಹಿಂಡಿ ಹಾಕಿದ ಧೋತರದಂತಾಗಿದ್ದ.

ಹುಡುಗಿಯ ತಂದೆ ಸಿದರಾಯ "ಬರ್ರಿ, ಕುಂದರ್ರಿ" ಎಂದು ಬೆಲ್ಲ-ನೀರು ಕೊಟ್ಟ. ಮಾಸ್ತರ ಬೆಲ್ಲವನ್ನು ನೀರಲ್ಲಿ ಕದಡಿ, "ಒಂಚೂರು ಉಪ್ಪು ಕೊಡ್ರಿ" ಎಂದು ಕೈಚಾಚಿದ.

ಅಜ್ಜಿ ಕಾಡವ್ವ ಹೌಹಾರಿದಳು. "ಅಯ್ಯ ಶಿವನ! ಕನ್ಯಾ ನೋಡಾಕ ಬಂದವ್ರ ಕೈಯಾಗ ಉಪ್ಪ ಕೊಟ್ರ ಜಗಳಾ ಹತ್ತತೈತಿ!"

ಒಳಗಿಂದ ಪ್ರಮಿಳಾ ಬಂದು ಉಪ್ಪಿನ ವಾಟಿಯನ್ನು ಮಾಸ್ತರನ ಮುಂದೆ ನೆಲದ ಮೇಲಿಟ್ಟಳು. "ಕೈಯಾಗ ಕೊಟ್ಟಿಲ್ಲ ಆಯಿ, ನೆಲದ ಮ್ಯಾಲ ಇಟ್ಟೇನಿ."

"ಆತು. ಆದ್ರ ಬೆಲ್ಲದಾಗ ಉಪ್ಪು ಯಾಕ ಬೇಕಂತ ಕೇಳು."

ಮಾಸ್ತರನಿಗೆ ಕಣ್ಣುಕತ್ತಲೆ ಬರುತ್ತಿತ್ತು. ಹೇಳದೆ ಗತಿಯಿರಲಿಲ್ಲ.

"ಹೊಟ್ಟಿ ಕೆಟ್ಟೈತ್ರಿ ಆಯಿ. ಕರುಳಿನ ಗ್ವಾಡಿಯೊಳಗ ಒಂದು ಪ್ರೋಟೀನ್ ಐತಿ. ಆರಪಾರ ಹದಿನಾಲ್ಕು ಹೊಲಿಗಿ ಹಾಕಿದಂಗ ಹಾದೈತಿ, ನಡುವ ಒಂದು ಸಂದಿ, ಅಷ್ಟ ಸಾಕು. ಸಕ್ಕರಿ ಒಂದ ಬಂದ್ರ ಒಳಗ ಬಿಡಂಗಿಲ್ಲ, ಅದರ ಜೋಡಿ ಉಪ್ಪಿನ ಎರಡು ಕಣ ಬೇಕು. ಮೂರೂ ಕುಂತ ಮ್ಯಾಲ ಹೊರಗಿನ ಬಾಗಲಾ ಮುಚ್ಚಿ ಒಳಗಿಂದು ತೆರೀತೈತಿ. ಎರಡೂ ಒಮ್ಮೆಲೆ ಎಂದೂ ತೆರ್ಯಂಗಿಲ್ಲ! ಆ ಮೂರೂ ಒಳಗ ಹೋದ್ವಂದ್ರ ನೀರು ತಾನ ಬೆನ್ನು ಹತ್ತಿ ಬರತೈತಿ. ಜೀವ ಉಳೀತೈತಿ."

ಹೇಳುತ್ತ ಹೇಳುತ್ತ ಅವನ ಬಾಡಿದ ಮುಖ ಅರಳಿತು. ಅರಳಬೇಕಾದ್ದೇ. ಕಾವಲುಗಾರನೂ ತಾನೇ, ಹಮಾಲನೂ ತಾನೇ ಆಗಿ, ರಜೆ ಕೇಳದೆ ನಮ್ಮೊಳಗೆ ದುಡಿಯುವ ಆ ಪುಟ್ಟ ಬಾಗಿಲಿಗೆ ಯಾರಾದರೂ ಕೈಮುಗಿಯಬೇಕು.

ಪ್ರಮಿಳಾ ಆಕಳಿಸಲಿಲ್ಲ. "ಅಬಾಬಾ, ಎಷ್ಟ ಶಾಣ್ಯಾ ಐತ್ರಿ ಅದು!" ಎಂದು ಕಣ್ಣರಳಿಸಿದಳು. ಸಿದರಾಯ ನಕ್ಕು, "ಹುಡುಗಿ ಒಪ್ಪಿದಂಗ ಆತು" ಎಂದ. ಮಾಸ್ತರ ಸಂತೋಷದಿಂದ ಲೋಟ ಬರಿದು ಮಾಡಿದ.

ಗಲ್ಲಕ್ಕೆ ಕೈಹಚ್ಚಿ ಯೋಚಿಸುತ್ತಿದ್ದ ಕಾಡವ್ವ ಆಗ ಬಾಯಿಬಿಟ್ಟಳು. "ಮಾಸ್ತರ ಹೇಳಿದ್ದು ಖರೇ ಐತಿ. ನಮ್ಮ ಸಕ್ಕರಿಯಂಥಾ ಕೂಸನ್ನ ಒಂದ ಹೆಂಗ ಕಳಸೂದು? ನಾನೂ, ನನ್ನ ಸಣ್ಣ ಮಗ ಬೀರೇಶನೂ ಆಕಿ ಜೋಡಿ ಬೆಳಗಾವ್ಯಾಗ ಇರ್ತೇವು."

"ಆಯಿ... ನಂದು ಒಂದ ಖೋಲಿರೀ!"

"ಸಂದಿ ಇದ್ರ ಸಾಕಂತ ನೀವ ಹೇಳಿದ್ರಲ್ಲ?"

ತನ್ನ ಮಾತನ್ನು ತಾನೇ ಸುಳ್ಳೆನ್ನುವುದು ಹೇಗೆ? ಮಾಸ್ತರ ನೆರವಿಗಾಗಿ ಸಿದರಾಯನತ್ತ ತಿರುಗಿದ.

"ಚಿಂತಿ ಮಾಡಬ್ಯಾಡ್ರಿ," ಸಿದರಾಯ ಮಗಳ ಅಗಲಿಕೆ ನೆನೆದು ಕಣ್ಣೊರೆಸಿಕೊಂಡ. "ಮೂರೂ ಮಂದಿ ಒಳಗ ಹೋದ್ರಂದ್ರ ಉಳದವ್ರು ನಾವೂ ನೀರಿನಂಗ ಬೆನ್ನು ಹತ್ತಿ ಬಂದ ಬರ್ತೇವು."