ಮನೆಯೊಳಗಿನ ಮರಗಸಿ

ನಮ್ಮ ಸೋದರಮಾವನಿಗೆ ಸೂರ್ಯನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಜೂನ್ ತಿಂಗಳ ಮಡಿಕೇರಿಯಲ್ಲಿ ಯಾರಿಗೆ ತಾನೇ ಇದೆ ಎನ್ನುತ್ತೀರಾ? ನಾವೆಲ್ಲ ಸ್ವೆಟರ್ ಹಾಕಿಕೊಂಡು ಅವನನ್ನು ಕ್ಷಮಿಸಿಬಿಡುತ್ತೇವೆ. ಮಾವ ಮಾತ್ರ ಅವನನ್ನು ಕೆಲಸದಿಂದ ತೆಗೆದು, ಆ ಜಾಗಕ್ಕೆ ಬಲ್ಬುಗಳನ್ನು ನೇಮಿಸಿಕೊಂಡರು!

ಮಾವ ನೆಲ್ಯಹುದಿಕೇರಿ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು, ಆಳುಗಳಿಗೆ ಕೆಲಸ ಹಂಚಿ ಮಾಡಿಸುತ್ತಿದ್ದವರು. ಕ್ವಾರ್ಟರ್ಸಿನ ಜಗಲಿ ತುಂಬ ಅತ್ತೆಯ ಗಿಡಗಳು: ಆಂಥೂರಿಯಂ, ಮನಿಪ್ಲಾಂಟ್, ಎಲೆಯೆಲ್ಲ ತೂತು ತೂತಾದ ಮಾನ್‌ಸ್ಟೆರಾ. ರಿಟೈರಾಗಿ ಮಡಿಕೇರಿಯ ಬಾಡಿಗೆ ಮನೆಗೆ ಬಂದಾಗ ಅವೂ ಲಾರಿ ಹತ್ತಿ ಬಂದವು. ಇಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಮೊದಲ ಮಳೆಗಾಲದಲ್ಲೇ ಎಲೆಗಳು ಹಳದಿಯಾಗಿ ಉದುರತೊಡಗಿದವು. ಅದರೊಂದಿಗೆ ಅತ್ತೆಯ ಮಾತೂ ಕಡಿಮೆಯಾಯಿತು. ಮಾವನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಮೊಬೈಲಿನಲ್ಲಿ ನೋಡಿ, ಗಿಡಗಳಿಗೆಂದೇ ಇರುವ ಗ್ರೋ ಲೈಟ್ ತರಿಸಿದರು.

ಸಂಜೆಯಾದರೆ ಮುಂದಿನ ಕೋಣೆ ನೇರಳೆ ಬಣ್ಣದಲ್ಲಿ ಹೊಳೆಯತೊಡಗಿತು. ಮಂಜಿನಲ್ಲಿ ದಾರಿ ತಪ್ಪಿದ ಇಬ್ಬರು ಪ್ರವಾಸಿಗಳು ತೆರೆದ ಬಾಗಿಲಿನಿಂದ ಒಳಗೆ ಬಂದು ಕೂತು, "ಅಂಕಲ್, ಮೆನು ಕೊಡಿ" ಎಂದರಂತೆ. ಮಾವ ಕಾಫಿ ಕೊಟ್ಟರು. ಜೊತೆಗೆ ದ್ಯುತಿಸಂಶ್ಲೇಷಣೆಯ ಪಾಠವನ್ನೂ ಬಡಿಸಿದರು. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಳೆ ಬಂದರೆ ಕರೆಂಟು ಹೋಗುವುದು ನಮ್ಮಲ್ಲಿ ಹೊಸತೇ? ಅದಕ್ಕೆ ಇನ್ವರ್ಟರ್ ಬಂತು. ಅದರ ವೈರು ಹೋದದ್ದು ಗಿಡಗಳ ಬಲ್ಬಿಗೆ ಮಾತ್ರ! ನಾವು ಅಡುಗೆಮನೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಅಕ್ಕಿರೊಟ್ಟಿ ತಿಂದೆವು.

"ನಿಮಗೆ ಕಾಲುಂಟು, ಬೆಳಕಿರುವಲ್ಲಿಗೆ ಹೋಗ್ಬಹುದು. ಗಿಡ ಎಲ್ಲಿಗೆ ಹೋಗ್ತದೆ?" ಎಂದರು ಮಾವ. ಆ ರೊಟ್ಟಿಯ ರುಚಿ ಮತ್ತೆ ನನಗೆ ಎಲ್ಲೂ ಸಿಕ್ಕಿಲ್ಲ.

ಅತ್ತೆಯ ಬೆತ್ತದ ಕುರ್ಚಿ ಆ ಗಿಡಗಳ ನಡುವೆಯೇ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಮಾನ್‌ಸ್ಟೆರಾದ ದೊಡ್ಡ ಎಲೆಗಳ ನೆರಳಿಗೆ ಎಳೆದುಕೊಂಡು, ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಎಸ್ಟೇಟಿನಲ್ಲಿ ಮಳೆಗೆ ಮುಂಚೆ ಮರಗಸಿ ಮಾಡಿಸುತ್ತಾರೆ, ಅಂದರೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಸುವುದು. ರೈಟರ ಕೈ ಸುಮ್ಮನಿರುತ್ತದೆಯೇ? ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಆ ದೊಡ್ಡ ಎಲೆಗಳನ್ನೆಲ್ಲ ಕಚಕ್ಕನೆ ಕತ್ತರಿಸಿಬಿಟ್ಟರು!

"ಇದೆಂಥ ಮಾಡಿದ್ರಿ?" ಎಂದರು ಅತ್ತೆ.

"ಮರಗಸಿ. ಕೆಳಗೆ ಆಂಥೂರಿಯಂ ಉಂಟಲ್ಲ, ಅದಕ್ಕೆ ಬೆಳಕು ಬೇಡ್ವಾ?"

"ಕೆಳಗೆ ನಾನೂ ಇದ್ದೆ ಅಲ್ವಾ ಮಾರಾಯ್ರೇ."

ಹೊಸ ಎಲೆ ಅಗಲವಾಗುವ ತನಕ ಅತ್ತೆ ತಲೆಗೆ ಟವೆಲ್ ಹೊದ್ದುಕೊಂಡು ಅಲ್ಲೇ ಕೂತರು. ಮಾವ ಬೆಳಿಗ್ಗೆ ಎದ್ದವರೇ ಹಲ್ಲುಜ್ಜುವ ಮೊದಲು ಚಿಗುರು ಹುಡುಕುತ್ತಿದ್ದರು. ನಾವು ನಕ್ಕದ್ದಕ್ಕೆ ಲೆಕ್ಕವಿಲ್ಲ.

ಅತ್ತೆ ತೀರಿಕೊಂಡ ಮೇಲೆ ಇದು ಎರಡನೆಯ ಮಳೆಗಾಲ. ಮೊನ್ನೆ ಹೋದಾಗ ನೇರಳೆ ಬೆಳಕು ಹಾಗೆಯೇ ಉರಿಯುತ್ತಿತ್ತು. ಮಾನ್‌ಸ್ಟೆರಾ ಅರ್ಧ ಕೋಣೆಯನ್ನೇ ನುಂಗಿತ್ತು. ಅದರ ಅಡಿಯಲ್ಲಿ ಆಂಥೂರಿಯಂ ಸೊರಗಿ ನಿಂತಿತ್ತು. ಹಳೆಯ ಸಲಿಗೆಯಲ್ಲಿ ನಾನು, "ಮಾವ, ಮರಗಸಿ ಮಾಡುವ ಟೈಮಾಯ್ತಲ್ವಾ?" ಎಂದೆ.

ಮಾವ ಆಂಥೂರಿಯಂ ಕುಂಡವನ್ನು ಎತ್ತಿ ಇನ್ನೊಂದು ಬಲ್ಬಿನಡಿ ಇಟ್ಟರು. ಖಾಲಿ ಬೆತ್ತದ ಕುರ್ಚಿಯನ್ನು ಎಲೆಗಳ ನೆರಳಿಗೆ ಇನ್ನಷ್ಟು ಸರಿಸಿದರು.

"ಬೇಡ," ಎಂದರು. "ಅವಳಿಗೆ ಕಣ್ಣಿಗೆ ಚುಚ್ತದೆ."